ಬದುಕಿದ್ದವಳಿಗೆ ಬಿಟ್ಟ ಎಳ್ಳು ನೀರು

ಆಶ್ರಮಕ್ಕೆ ಬಂದ ಮೊದಲ ದಿನವೇ ಸುಬ್ರಾಯ ಒಂದು ಸುಳ್ಳು ಹೇಳಿದ.

"ಮನೆಯಲ್ಲಿ ಯಾರ್ಯಾರಿದ್ದಾರಪ್ಪ?" ಎಂದು ಗುರುಗಳು ಕೇಳಿದ್ದರು.

"ಅಮ್ಮ ಇದ್ದಾರೆ, ತಂಗಿ ಕಮಲಿ ಇದ್ದಾಳೆ. ಅಪ್ಪ ಹೋಗಿಬಿಟ್ಟರು. ಅಕ್ಕನೂ ತೀರಿಕೊಂಡಳು" ಎಂದಿದ್ದ.

ಅಪ್ಪ ಹೋದದ್ದು ನಿಜ. ಅಕ್ಕ ವಾರಿಜೆ ಮಾತ್ರ ಮನೆಯ ಹಿತ್ತಿಲ ಕೋಣೆಯಲ್ಲಿ ಬದುಕೇ ಇದ್ದಳು. ಅವಳ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಯಾರೂ ಇಲ್ಲದ ಮೂಲೆಯ ಕಡೆ ತಿರುಗಿ ಯಾರ ಜೊತೆಯೋ ಮಾತಾಡುತ್ತಿದ್ದಳು. ಅನ್ನಕ್ಕೆ ವಿಷ ಹಾಕಿದ್ದೀರಿ ಎಂದು ಕಿರುಚುತ್ತಿದ್ದಳು.

ಹುಚ್ಚಿಯ ತಂಗಿಯನ್ನು ಯಾರು ಮದುವೆಯಾಗುತ್ತಾರೆ? ಅದಕ್ಕೇ, ದೂರದ ನೆಂಟರ ಊರಲ್ಲಿ ಜ್ವರ ಬಂದು ಸತ್ತಳು ಎಂದು ಮನೆಯವರೇ ಸುದ್ದಿ ಹಬ್ಬಿಸಿದರು. ನಾಲ್ಕು ಜನ ಬಂದು ಅತ್ತೂ ಹೋದರು. ಮಡಕೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚೋಕಾಗುತ್ತಾ ಅಂತಾರೆ. ಇವರು ಅದನ್ನೂ ಮುಚ್ಚಿದರು, ಪುಣ್ಯಾತ್ಮರು!

ಆ ಆಶ್ರಮದಲ್ಲಿ ಒಂದು ಪದ್ಧತಿ. ಮಹಾಲಯ ಅಮಾವಾಸ್ಯೆಯ ದಿನ ತಂದೆಯಿಲ್ಲದ ಶಿಷ್ಯರೆಲ್ಲ ಹೊಳೆಗಿಳಿಯಬೇಕು. ತೀರಿಕೊಂಡ ತಮ್ಮವರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎಳ್ಳು ನೀರು ಬಿಡಬೇಕು.

ಸುಬ್ರಾಯ ಅಪ್ಪನಿಗೆ ಬಿಟ್ಟ, ಅಜ್ಜನಿಗೆ ಬಿಟ್ಟ. ಬಿಟ್ಟವನೇ ಸರಸರ ದಡದ ಕಡೆ ಹೊರಟ.

"ಏ ಸುಬ್ರಾಯ, ನಿಮ್ಮ ಅಕ್ಕನಿಗೆ ಬಿಡೋದು ಮರೆತೆಯಲ್ಲೋ!" ಎಂದ ಪಕ್ಕದಲ್ಲಿದ್ದ ಶಿಷ್ಯ.

ಎಲ್ಲರೂ ತಿರುಗಿ ನೋಡಿದರು. ಬದುಕಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿದ್ದವರಲ್ಲಿ ಇಬ್ಬರು ಅವನ ಊರ ಕಡೆಯವರು.

ಅಂಗೈಗೆ ಕರಿ ಎಳ್ಳು ಹಾಕಿಕೊಂಡ. ಅಕ್ಕನ ಹೆಸರು ಹೇಳಿದ. ನೀರು ಬಿಟ್ಟೇಬಿಟ್ಟ.

ಮಧ್ಯಾಹ್ನ ಎಲೆಯ ಮುಂದೆ ಕೂತವನು ಕಲಸಿದ ಅನ್ನ ಹಾಗೇ ಬಿಟ್ಟ. ಎದ್ದು ಓಡಿ ಗುರುಗಳ ಕಾಲಿಗೆ ಬಿದ್ದ. ಇದ್ದದ್ದನ್ನೆಲ್ಲ ಹೇಳಿಕೊಂಡು ಅತ್ತ.

"ಬದುಕಿದ್ದವಳಿಗೆ ತರ್ಪಣ ಬಿಟ್ಟೆ. ಪ್ರಾಯಶ್ಚಿತ್ತ ಹೇಳಿ ಗುರುಗಳೇ."

ಗುರುಗಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಮೊದಮೊದಲು ಏನು ಮಾಡಿದಿರಿ ಅವಳಿಗೆ?"

"ದೃಷ್ಟಿ ತೆಗೆದೆವು. ತಾಯಿತ ಕಟ್ಟಿಸಿದೆವು. ದೆವ್ವ ಬಿಡಿಸೋರ ಹತ್ತಿರ ಹೋದೆವು. ಅವರು ಬೇವಿನ ಕೋಲಲ್ಲಿ ಹೊಡೆದರು."

"ಡಾಕ್ಟರಿಗೆ ತೋರಿಸಲಿಲ್ಲವಾ?"

"ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತಲ್ಲ."

"ಹೋದ ವರ್ಷ, ಇಲ್ಲಿಗೆ ಬರೋ ಮುಂಚೆ, ನಿನಗೆ ಕಾಮಾಲೆ ಆಗಿತ್ತಲ್ಲ. ಊರಿಗೆಲ್ಲ ಗೊತ್ತಾಯ್ತು. ನಿನ್ನ ಮಾನ ಹೋಯಿತಾ?"

"ಇಲ್ಲ."

"ಮನಸ್ಸಿಗೂ ಕಾಯಿಲೆ ಬರುತ್ತಪ್ಪ. ಅದಕ್ಕೂ ಡಾಕ್ಟರಿದ್ದಾರೆ, ಔಷಧಿ ಇದೆ. ಅವಳನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷ ಆಯ್ತು?"

"ಏಳು. ಕರೆದರೆ ಪಕ್ಕದ ಮನೆಯವರಿಗೆ ಕೇಳಿಸುತ್ತೆ."

"ಇವತ್ತು ಹೊಳೆಯಲ್ಲಿ ನಿಂತು ಕರೆದೆ, ಸತ್ತವಳು ಅಂತ. ಹೋಗು, ಬದುಕಿದ್ದವಳು ಅಂತ ಒಂದು ಸಲ ಕರೆ. ಕರೆದು ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಬೇರೆ ಪ್ರಾಯಶ್ಚಿತ್ತ ನನಗೆ ಗೊತ್ತಿಲ್ಲ."

ಸುಬ್ರಾಯ ಅವತ್ತೇ ಹೊರಟ. ಒಂಬತ್ತನೆಯ ದಿನ ತಿರುಗಿ ಬಂದ. ಅವನ ಮುಖ ನೋಡಲಾಗುತ್ತಿರಲಿಲ್ಲ.

"ಬಾಗಿಲು ತೆಗೆದೆ ಗುರುಗಳೇ. ವಾರಿಜಕ್ಕಾ ಅಂದೆ. ಅವಳು ನನ್ನ ಮುಖ ನೋಡಲೇ ಇಲ್ಲ, ತಟ್ಟೆ ಮುಂದೆ ಚಾಚಿದಳು. ಬಾಗಿಲು ಸದ್ದಾದರೆ ಊಟ ಬಂತು, ಅಷ್ಟೇ ಗೊತ್ತು ಅವಳಿಗೆ. ಕೂದಲೆಲ್ಲ ಬೆಳ್ಳಗಾಗಿಬಿಟ್ಟಿದೆ. ನನಗಿಂತ ನಾಲ್ಕೇ ವರ್ಷ ದೊಡ್ಡವಳು!"

"ಆಮೇಲೆ?"

"ಕೈ ಹಿಡಿದುಕೊಂಡೆ. ಎದ್ದು ಬಂದಳು. ಹೊಸ್ತಿಲವರೆಗೂ ಬಂದಳು. ಅಷ್ಟರಲ್ಲಿ ಅಮ್ಮ ನನ್ನ ಕಾಲು ಕಟ್ಟಿಕೊಂಡರು. ಗುರುವಾರ ಕಮಲಿಯನ್ನ ನೋಡೋಕೆ ಬರ್ತಾರೆ, ನಿನ್ನ ದಮ್ಮಯ್ಯ ಕಣೋ, ಅದೊಂದು ಮುಗಿದುಹೋಗಲಿ ಅಂದರು."

"ಬಂದರಾ?"

"ಬಂದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಹಿತ್ತಿಲಲ್ಲಿ ಏನದು ಸದ್ದು ಅಂತ ಗಂಡಿನ ತಾಯಿ ಕೇಳಿದರು."

"ಏನು ಹೇಳಿದಿರಿ?"



"ಹಸು ಅಂದೆ."

ಗುರುಗಳು ಕಣ್ಣು ಮುಚ್ಚಿಕೊಂಡರು.

"ಅಮ್ಮ ಅಲ್ಲ ಗುರುಗಳೇ, ನಾನೇ ಅಂದೆ. ಅವರು ನಕ್ಕರು, ನಾನೂ ನಕ್ಕೆ. ಹುಡುಗಿ ಒಪ್ಪಿಗೆ ಅಂತ ಹೇಳಿ ಹೋದರು. ನಾನು ಅಕ್ಕನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ ಬಂದೆ."

ಹೇಳುತ್ತಾ ಹೇಳುತ್ತಾ ಅವನು ಹೆಗಲ ಚೀಲ ಇಳಿಸಿಟ್ಟು ನೆಲದ ಮೇಲೆ ಕೂತ.

"ಇನ್ನೇನು ಉಳಿದಿದೆ ಹೇಳಿ? ಅವಳು ಆ ಕೋಣೆಯಿಂದ ಹೊರಗೆ ಬರ್ತಾಳೆ ಅನ್ನೋ ಆಸೆಯೇ ನನಗಿಲ್ಲ."

ಗುರುಗಳು ಎದ್ದರು. ಅವನು ಇಳಿಸಿಟ್ಟಿದ್ದ ಚೀಲ ಎತ್ತಿ ಅವನ ಹೆಗಲಿಗೇ ಹಾಕಿದರು.

"ಅವಳು ಹೇಗೆ ಬರ್ತಾಳೋ? ಚಿಲಕ ನಿಮ್ಮ ಕಡೆ ಇದೆ."