ಬೀರುವಿನೊಳಗೆ ಭದ್ರವಾಗಿದ್ದ ಸಿಲಿಂಡರು

ಕಳ್ಳರ ಭಯಕ್ಕೆ ಹೆಡ್‌ಮಾಸ್ತರು ಶಾಲೆಯ ಬೆಂಕಿ ಆರಿಸೋ ಸಿಲಿಂಡರನ್ನ ಬೀರುವಿನೊಳಗಿಟ್ಟು, ಬೀಗ ಜಡಿದು, ಕೀಲಿಕೈ ಜೇಬಿಗೆ ಹಾಕ್ಕೊಂಡು ಮೀಟಿಂಗಿಗೆ ಹೋಗಿದ್ರು. ಅಷ್ಟರಲ್ಲಿ ಬಿಸಿಯೂಟದ ಅಡುಗೆಮನೆ ಕಡೆಯಿಂದ ಹೊಗೆ ವಾಸನೆ ಬಂತು. ಸಿಲಿಂಡರು ಒಳಗಿನಿಂದಲೇ ಬೀಗವನ್ನ ಕೂಗಿತು.

"ಬೀಗಣ್ಣ, ಬಿಡು ನನ್ನ. ಗೋಣಿಚೀಲಕ್ಕೆ ಬೆಂಕಿ ಅಂತ ಅಡುಗೆಯ ಪುಟ್ಟಸಿದ್ದಮ್ಮ ಕೂಗ್ತಿದಾಳೆ. ಪಕ್ಕದಲ್ಲೇ ಒಂದನೇ ಕ್ಲಾಸು."

"ಕೀಲಿಕೈ ತೋರಿಸು."

"ಮಕ್ಕಳು ಕೆಮ್ತಿದಾವೆ ಕಣಣ್ಣ."

"ನಿನ್ನ ಕಾಯೋದು ನನ್ನ ಡ್ಯೂಟಿ. ಅವರನ್ನ ಕಾಯೋದು ನಿಂದು."

"ಒಳಗೆ ಕೂತು ಹೆಂಗೆ ಕಾಯಲಿ?"

"ಅದನ್ನ ಹೆಡ್‌ಮಾಸ್ತರ ಕೇಳು."

ಹೊರಗೆ ಪುಟ್ಟಸಿದ್ದಮ್ಮ ಬೇರೆ ದಾರಿ ಕಾಣದೆ ಹಂಡೆ ಸಾಂಬಾರನ್ನೆಲ್ಲ ಬೆಂಕಿಗೆ ಸುರಿದಳು. ಬೆಂಕಿ ಚುಂಯ್ ಅಂತ ಆರಿಹೋಯ್ತು. ಮಕ್ಕಳು ಬರೀ ಅನ್ನ ಹಾಕಿಸ್ಕೊಂಡು ಕೂತವು.

ಬೀಗ ಹೆಮ್ಮೆಯಿಂದ ಅಂತು: "ನೋಡಿದ್ಯಾ? ಇಷ್ಟೆಲ್ಲ ಗಲಾಟೆ ಆದ್ರೂ ನಿನಗೊಂದು ಗೀರು ಬೀಳೋಕೆ ಬಿಡಲಿಲ್ಲ."