ಮುದ್ದೆ ಕೋಲಿನ ರಾಜ

“ಗುರುಗಳೇ, ಸಾಧನ ಎರಡಿವೆ. ಎರಡನ್ನೂ ಹೊಗಳುವವರಿದ್ದಾರೆ, ಎರಡನ್ನೂ ತೆಗಳುವವರಿದ್ದಾರೆ. ನಾನು ಯಾವುದನ್ನು ಹಿಡಿಯಲಿ?”

ಕೇಳಿದವನು ತ್ರಿವಿಕ್ರಮ. ಭಾನುವಾರ ಬೆಳಗಿನ ಮೃದಂಗದ ಪಾಠ ಆಗತಾನೇ ಮುಗಿದಿತ್ತು. ಆ ದಿನ ಅವನ ಕೈ ಮೂರು ಕಡೆ ತಾಳ ತಪ್ಪಿತ್ತು. ಗುರುಗಳು ಮೃದಂಗಕ್ಕೆ ಗವಸು ಹಾಕುತ್ತ, “ಯಾವುದಕ್ಕಪ್ಪಾ ಸಾಧನ?” ಎಂದರು.

“ಆಟಕ್ಕೆ. ಕಂಪ್ಯೂಟರಿನ ಆಟಕ್ಕೆ.”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಗುರುಗಳು ನಗಲಿಲ್ಲ. “ಆ ಆಟ ನನಗೆ ಗೊತ್ತಿಲ್ಲ. ಬಿಡಿಸಿ ಹೇಳು” ಎಂದರು.

ತ್ರಿವಿಕ್ರಮ ಬಿಡಿಸಿ ಹೇಳಿದ. ಆ ಆಟದಲ್ಲಿ ಒಂದು ಹಳ್ಳಿ ಇದೆ. ಅವನೂ ಅವನ ಅಕ್ಕ ಮೇದಿನಿಯೂ ಸೇರಿ ನಾಲ್ಕು ವರ್ಷದಿಂದ ಅದನ್ನು ಕಟ್ಟಿದ್ದಾರೆ. ಅಕ್ಕ ಬೀದರಿನಲ್ಲಿ ನರ್ಸ್, ಇವನು ಮೈಸೂರಿನಲ್ಲಿ. ಭಾನುವಾರ ಸಂಜೆ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು ಆ ಹಳ್ಳಿಗೆ ಹೋಗುತ್ತಾರೆ. ಅಲ್ಲಿ ಸೊಪ್ಪು ಬಿತ್ತುತ್ತಾರೆ, ಹೊಳೆಗೆ ಸೇತುವೆ ಕಟ್ಟುತ್ತಾರೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಮನೆಯ ಸುದ್ದಿ ಮಾತಾಡುತ್ತಿರುತ್ತದೆ. ವಾರದಲ್ಲಿ ಅಕ್ಕ-ತಮ್ಮ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದು ಆ ಎರಡು ಗಂಟೆ ಮಾತ್ರ.

ಇಂಥ ಆಟಕ್ಕೆ ಆಡುವವರೇ ಹೊಸದನ್ನು ಮಾಡಿ ಸೇರಿಸಬಹುದು. ಯಾವುದೋ ದೇಶದಲ್ಲಿ ಒಬ್ಬ ಹೊಸ ಮಳೆ ಮಾಡುತ್ತಾನೆ, ಇನ್ನೊಬ್ಬ ಹೊಸ ಹಸು ಮಾಡುತ್ತಾನೆ, ಮಾಡಿದ್ದನ್ನು ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ಮಾಡ್ ಎಂದು ಹೆಸರು. ತ್ರಿವಿಕ್ರಮ ಮುನ್ನೂರ ಹನ್ನೆರಡು ಮಾಡ್ ಹಾಕಿದ್ದ. ಆರು ತಿಂಗಳ ಹಿಂದೆ ಒಂದು ದಿನ ಆಟ ತೆರೆಯಲೇ ಇಲ್ಲ, ಅಂದಿನಿಂದ ಭಾನುವಾರ ಹಳ್ಳಿಗೆ ಹೋಗುವುದೂ ನಿಂತಿತು. ಯಾವುದು ಯಾವುದರ ಕಾಲು ತುಳಿಯುತ್ತಿದೆಯೋ ಅವನಿಗೆ ತಿಳಿಯಲಿಲ್ಲ.

ಇವನ್ನೆಲ್ಲ ಅಂಕೆಯಲ್ಲಿಡುವ ಸಾಧನಗಳೂ ಇವೆ. ಒಂದು ಸಾಧನ ಎಲ್ಲ ಮಾಡ್‌ಗಳನ್ನೂ ಆಟದ ಒಳಕ್ಕೇ ಸೇರಿಸಿಬಿಡುತ್ತದೆ. ಕೆಲಸ ಸಲೀಸು. ಇನ್ನೊಂದು ಆಟವನ್ನು ಮುಟ್ಟುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆ ಇಟ್ಟು, ಆಟ ಶುರುವಾಗುವಾಗ ಮೇಲೆ ಹೊದಿಸುತ್ತದೆ. ಅದನ್ನು ಕಲಿಯುವುದು ಕಷ್ಟ. ಎರಡರಲ್ಲಿ ಯಾವುದು ಮೇಲು ಎಂದು ಅವನು ಆರು ತಿಂಗಳಿಂದ ಓದುತ್ತಿದ್ದ, ವಿಡಿಯೋ ನೋಡುತ್ತಿದ್ದ, ಬಲ್ಲವರನ್ನು ಕೇಳುತ್ತಿದ್ದ.

“ನಿಮ್ಮಕ್ಕ ಏನಂತಾಳೆ?” ಎಂದರು ಗುರುಗಳು.

“ವಾರ ವಾರ ಫೋನ್ ಮಾಡಿ, ಆಟ ಸರಿಹೋಯ್ತೇನೋ ಅಂತ ಕೇಳ್ತಿದ್ದಳು. ಇನ್ನೊಂದು ವಾರ ತಡಿಯೇ ಅಂತಿದ್ದೆ. ಈಗ ಮೂರು ವಾರದಿಂದ ಕೇಳೋದು ಬಿಟ್ಟಿದ್ದಾಳೆ.” ಅವನ ದನಿ ತಗ್ಗಿತು. “ಅದಕ್ಕೇ ಅವಸರ ಗುರುಗಳೇ. ಸರಿಯಾದ ಸಾಧನ ಯಾವುದು ಅಂತ ಒಂದು ಸಲ ಗೊತ್ತಾಗಿಬಿಟ್ಟರೆ, ಎಲ್ಲಾ ಜೋಡಿಸಿ ಅವಳಿಗೆ ತೋರಿಸ್ತೀನಿ.”

ಗುರುಗಳು ಗವಸಿನ ದಾರ ಎಳೆದು ಗಂಟು ಹಾಕಿದರು. ಗೋಡೆಗೆ ಒರಗಿ ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೊಂಬೆಯಾಟದವನಿದ್ದ. ಅವನದು ಸೂತ್ರದ ಬೊಂಬೆ. ಬೊಂಬೆಯ ದಾರಗಳನ್ನೆಲ್ಲ ಒಂದು ಸಿಂಬೆಗೆ ಕಟ್ಟಿರುತ್ತಾರೆ. ಆಡಿಸುವವನು ಆ ಸಿಂಬೆಯನ್ನು ತಲೆಗೆ ಇಟ್ಟುಕೊಳ್ಳುತ್ತಾನೆ, ಬೊಂಬೆಯ ಕೈಗಳನ್ನು ಎರಡು ಕಂಬಿಗಳಿಂದ ಆಡಿಸುತ್ತಾನೆ. ಅವನು ತಲೆ ಬಾಗಿಸಿದರೆ ಬೊಂಬೆ ಬಾಗುತ್ತದೆ. ಬೊಂಬೆಯ ಭಾರ ಎಷ್ಟಿದ್ದರೂ ಅದು ಅವನ ತಲೆಯ ಮೇಲೆಯೇ.

ಅವನಲ್ಲಿ ಒಂದು ರಾಜನ ಬೊಂಬೆ ಇತ್ತು. ಅವನ ಗುರು ಹಗುರವಾದ ಮರದಲ್ಲಿ ಕೆತ್ತಿ ಕೊಟ್ಟಿದ್ದ ಬೊಂಬೆ. ಅವನ ಜೊತೆಗೆ ಒಬ್ಬ ಭಾಗವತನಿದ್ದ. ಇವನು ಆಡಿಸುವುದು, ಅವನು ಹಾಡುವುದು. ಇಪ್ಪತ್ತು ವರ್ಷ ಇಬ್ಬರೂ ಹಾಗೇ ಊರೂರು ತಿರುಗಿದ್ದರು. ಅವರ ಆಟದಲ್ಲಿ ಜನ ಕಾಯುತ್ತಿದ್ದುದು ಒಂದು ಗಳಿಗೆಗಾಗಿ. ಯುದ್ಧ ಗೆದ್ದ ರಾಜ ತಾಯಿಯ ಗುಡಿಸಲಿಗೆ ಬಂದು, ನಿಧಾನವಾಗಿ ಬಾಗಿ, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಭಾಗವತ ಆ ಪದ ಎತ್ತಿಕೊಂಡರೆ ಸಾಕು, ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಗಂಡಸರು ಸುಮ್ಮನೆ ಕೆಮ್ಮುತ್ತಿದ್ದರು.

ಮೆಚ್ಚಿದ ಜನ ಬೊಂಬೆಗೆ ಉಡುಗೊರೆ ಕೊಡತೊಡಗಿದರು. ಅಕ್ಕಸಾಲಿ ಕಿರೀಟ ಕೊಟ್ಟ. ನೇಕಾರ ಶಲ್ಯ ಕೊಟ್ಟ. ಬಳೆಗಾರ ಗಾಜಿನ ಮಣಿಹಾರ ಕೊಟ್ಟ. ಒಬ್ಬ ಭುಜಕೀರ್ತಿ ತಂದರೆ ಇನ್ನೊಬ್ಬ ಅದಕ್ಕಿಂತ ದೊಡ್ಡ ಭುಜಕೀರ್ತಿ ತಂದ. ಬೊಂಬೆಯವನು ಎರಡನ್ನೂ ಕಟ್ಟಿದ. ಬೇಡ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮೊದಮೊದಲು ಮರಕ್ಕೆ ಕಟ್ಟಿದ. ಆಮೇಲೆ ಮರವೇ ಕಾಣದಾಯಿತು. ಆಗ ಹಾರವನ್ನು ಶಲ್ಯಕ್ಕೆ ಕಟ್ಟಿದ, ಶಲ್ಯವನ್ನು ಭುಜಕೀರ್ತಿಗೆ ಸಿಕ್ಕಿಸಿದ, ಭುಜಕೀರ್ತಿಯನ್ನು ಕಿರೀಟದ ದಾರಕ್ಕೆ ಬಿಗಿದ. ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಕಂಡ ಕಡೆ ಕಟ್ಟಿದ.

ರಾಜ ಝಗಝಗಿಸಿದ. ಹಾಡು ಬೇಡ, ಬೊಂಬೆ ನೋಡಿದರೆ ಸಾಕು ಎಂದು ಬರುವವರೂ ಹುಟ್ಟಿಕೊಂಡರು. ಬೊಂಬೆಯವನ ಕತ್ತು ನೋಯುತ್ತಿತ್ತು. ಹೊಗಳಿಕೆಯ ಮುಂದೆ ಕತ್ತು ನೋವು ಯಾವ ಲೆಕ್ಕ ಎಂದುಕೊಂಡ.

ಒಂದು ಸಂಜೆ ಆಟದ ನಡುವೆ ರಾಜ ತಾಯಿಯ ಗುಡಿಸಲ ಮುಂದೆ ಬಂದು ನಿಂತ. ಭಾಗವತ ಪದ ಎತ್ತಿದ. ಬೊಂಬೆಯವನು ತಲೆ ಬಾಗಿಸಿದ. ರಾಜ ಬಾಗಲಿಲ್ಲ. ಹಾರ ಭುಜಕೀರ್ತಿಗೆ ಸಿಕ್ಕಿಕೊಂಡಿತು, ಭುಜಕೀರ್ತಿ ಕಿರೀಟವನ್ನು ಎಳೆಯಿತು, ಕಿರೀಟ ಸೂತ್ರವನ್ನು ಹಿಡಿಯಿತು. ರಾಜ ಅತ್ತ ನಿಂತಂತೆಯೂ ಇಲ್ಲ, ಇತ್ತ ಬಾಗಿದಂತೆಯೂ ಇಲ್ಲ, ಸೊಂಟ ಹಿಡಿದವನ ಹಾಗೆ ತೂಗಾಡಿದ. ಭಾಗವತ ಒಂದೇ ಸಾಲನ್ನು ಏಳು ಸಲ ಹಾಡಿದ. ಎಂಟನೆಯ ಸಲಕ್ಕೆ ಜನ ನಕ್ಕರು. ಬೊಂಬೆಯವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ತಂದು ಬಿಚ್ಚಲು ಕೂತ. ಒಂದನ್ನು ಬಿಚ್ಚಿದರೆ ಮೂರು ಕಳಚಿ ಬೀಳುತ್ತಿದ್ದವು. ಬಿದ್ದದ್ದನ್ನು ಮತ್ತೆ ಕಟ್ಟಿದರೆ ಬಿಚ್ಚಿದ್ದಕ್ಕೆ ಜಾಗವಿಲ್ಲ.

ಅವನು ಬಡಗಿಯ ಹತ್ತಿರ ಹೋದ. ಒಂದೊಂದಕ್ಕೂ ಒಂದೊಂದು ಮೊಳೆ ಹೊಡೆದು ಎಲ್ಲವನ್ನೂ ಮರಕ್ಕೇ ಕೂರಿಸುತ್ತೇನೆ, ಸಂಜೆಯೊಳಗೆ ಮುಗಿಯುತ್ತದೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದ ಬಡಗಿ. ಅವನು ದರ್ಜಿಯ ಹತ್ತಿರವೂ ಹೋದ. ಮರಕ್ಕೆ ಮೊಳೆ ಹೊಡೆದರೆ ತೂತು ಉಳಿಯುತ್ತದೆ, ಬೊಂಬೆಯ ಅಳತೆಗೆ ಒಂದು ಅಂಗಿ ಹೊಲಿದುಕೊಡುತ್ತೇನೆ, ಆಭರಣಗಳನ್ನೆಲ್ಲ ಅಂಗಿಗೆ ಕಟ್ಟು, ಬೇಡವಾದರೆ ಅಂಗಿ ಕಳಚಿಡು, ಆದರೆ ನನ್ನ ಗಂಟುಗಳನ್ನು ನೀನು ಕಲಿಯಬೇಕು ಎಂದ ದರ್ಜಿ.

ಬೊಂಬೆಯವನಿಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಅವನು ಪಕ್ಕದ ಊರಿನ ಬೊಂಬೆಯಾಟದವರನ್ನು ಕೇಳಿದ. ಅಲ್ಲಿ ಮೊಳೆಯವರದು ಒಂದು ಪಂಗಡ, ಅಂಗಿಯವರದು ಒಂದು ಪಂಗಡ. ಮೊಳೆಯವರು ಅಂಗಿಯವರನ್ನು ಮಡಿವಂತರು ಎಂದು ಆಡಿಕೊಂಡರು. ಅಂಗಿಯವರು ಮೊಳೆಯವರನ್ನು ಸೋಮಾರಿಗಳು ಎಂದು ಬೈದರು. ಮಾತಿಗೆ ಮಾತು ಬೆಳೆದು ಅಂಗಿಯ ಕೊರಳಪಟ್ಟಿ ಹಿಡಿಯುವವರೆಗೂ ಹೋಯಿತು. ಇವನು ಜಗಲಿಯ ಮೇಲೆ ಕೂತು ಎರಡೂ ಕಡೆಯವರ ಮಾತಿಗೆ ತಲೆದೂಗಿದ. ದಿನ ಹೋಯಿತು, ತಿಂಗಳು ಹೋಯಿತು. ಈ ನಡುವೆ ಯಾರೋ ಬೆಳ್ಳಿಯ ಗೆಜ್ಜೆ ಕೊಟ್ಟರು. ಅದನ್ನೂ ರಾಜನಿಗೆ ಕಟ್ಟಿದ.

ಭಾಗವತ ಪ್ರತಿ ಶುಕ್ರವಾರ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. “ಈ ವಾರ ಆಟ ಇದೆಯೇನಪ್ಪಾ?” ಎನ್ನುತ್ತಿದ್ದ. “ಇದೊಂದು ತೀರ್ಮಾನವಾಗಲಿ ಭಾಗವತರೇ” ಎನ್ನುತ್ತಿದ್ದ ಬೊಂಬೆಯವನು. ಭಾಗವತ ತಲೆಯಾಡಿಸಿ, ತಂದ ತಾಳಗಳನ್ನು ಮತ್ತೆ ಜೋಳಿಗೆಗೆ ಹಾಕಿಕೊಂಡು ಹೋಗುತ್ತಿದ್ದ.

ಒಂದು ಶುಕ್ರವಾರ ಭಾಗವತ ಬರಲಿಲ್ಲ. ಬೊಂಬೆಯವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡನೆಯ ಶುಕ್ರವಾರವೂ ಬರಲಿಲ್ಲ. ಮೂರನೆಯ ಶುಕ್ರವಾರವೂ ಬಾಗಿಲು ಖಾಲಿಯಾಗಿತ್ತು. ಮುದುಕನಿಗೆ ಏನಾದರೂ ಆಯಿತೋ, ಬೇರೆ ಮೇಳಕ್ಕೆ ಸೇರಿಕೊಂಡನೋ ಎಂದು ಚಪ್ಪಲಿಯನ್ನೂ ಮೆಟ್ಟದೆ ಅವನ ಮನೆಗೆ ಓಡಿದ.

ಭಾಗವತ ಆರೋಗ್ಯವಾಗಿಯೇ ಇದ್ದ. ಅಡುಗೆಮನೆಯ ಬಾಗಿಲಲ್ಲಿ ಕೂತು, ರಾಜ ತಾಯಿಯ ಮನೆಗೆ ಬರುವ ಪದವನ್ನು ಹಾಡುತ್ತಿದ್ದ. ಅವನ ಕೈಯಲ್ಲಿ ಮುದ್ದೆ ತಿರುಗಿಸುವ ಕೋಲಿತ್ತು. ಕೋಲಿಗೆ ಒಂದು ಹಳೆಯ ಟವೆಲು ಸುತ್ತಿದ್ದ. ಹಾಡು ಆ ಸಾಲಿಗೆ ಬಂತು. ಮುದ್ದೆ ಕೋಲು ನಿಧಾನವಾಗಿ ಬಾಗಿತು. ಇನ್ನೂ ಬಾಗಿತು. ಅಡುಗೆಮನೆಯ ಹೊಸ್ತಿಲನ್ನು ಮುಟ್ಟಿತು.

ಬೊಂಬೆಯವನು ಇಪ್ಪತ್ತು ವರ್ಷದಿಂದ ಆ ಗಳಿಗೆಯನ್ನು ಆಡಿಸಿದ್ದ, ಒಮ್ಮೆಯೂ ನೋಡಿರಲಿಲ್ಲ. ಅವನು ಯಾವಾಗಲೂ ಬೊಂಬೆಯ ಹಿಂದೆ ನಿಂತಿರುತ್ತಿದ್ದವನು. ಅವನ ಕಣ್ಣಲ್ಲಿ ನೀರು ಬಂತು.

ಭಾಗವತ ನಾಚಿಕೊಳ್ಳಲಿಲ್ಲ. “ನಿನ್ನ ರಾಜ ಬಾಗಲ್ಲ ಅಂದರೆ ನಾನೇನು ಮಾಡ್ಲಪ್ಪಾ? ಹಾಡಂತೂ ಗಂಟಲಲ್ಲಿ ನಿಲ್ಲಲ್ಲ. ಇವನಾದರೂ ಬಾಗ್ತಾನಲ್ಲ” ಎಂದ.

ಬೊಂಬೆಯವನು ಮನೆಗೆ ಬಂದು ಚಾಪೆ ಹಾಸಿದ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಬಿಚ್ಚಲು ಬಾರದ್ದನ್ನು ಕತ್ತರಿಸಿದ. ಕಿರೀಟ, ಹಾರ, ಶಲ್ಯ, ಎರಡು ಜೊತೆ ಭುಜಕೀರ್ತಿ, ಗೆಜ್ಜೆ ಎಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿದವು. ಒಂದನ್ನೂ ಎಸೆಯಲಿಲ್ಲ. ಎಲ್ಲಕ್ಕಿಂತ ಒಳಗೆ ಅವನ ಗುರು ಕೆತ್ತಿದ ಮರ ಸಿಕ್ಕಿತು. ಅದರ ತುಟಿಯಲ್ಲಿ ಒಂದು ಸಣ್ಣ ನಗೆ ಇತ್ತು. ಅದು ಇದ್ದದ್ದನ್ನೇ ಅವನು ಮರೆತಿದ್ದ.

ಮಾರನೆಯ ಸಂಜೆ ಭಾಗವತನ ಬೀದಿಯಲ್ಲೇ ಆಟ. ಬೊಂಬೆಗೆ ಒಂದು ಪಂಚೆ ಬಿಟ್ಟರೆ ಏನೂ ಇಲ್ಲ. ಬಂದವರು ಹದಿನಾಲ್ಕು ಜನ. ನಿಮ್ಮ ರಾಜ ದಿವಾಳಿ ಎದ್ದನೇ ಎಂದು ಒಬ್ಬ ಛೇಡಿಸಿದ. ಬೊಂಬೆಯವನು ಸಿಂಬೆಯನ್ನು ತಲೆಗೆ ಇಟ್ಟುಕೊಂಡ. ಏನೂ ಇಟ್ಟುಕೊಂಡಂತೆಯೇ ಇರಲಿಲ್ಲ. ಭಾಗವತ ಪದ ಎತ್ತಿದ. ರಾಜ ಬಾಗಿ ಹೊಸ್ತಿಲು ಮುಟ್ಟಿದ. ಛೇಡಿಸಿದವನು ಎಲ್ಲರಿಗಿಂತ ಮೊದಲು ಕೆಮ್ಮಿದ.

ಮುಂದಿನ ವಾರ ಬೊಂಬೆಯವನು ಕಿರೀಟವೊಂದನ್ನೇ ಕಟ್ಟಿ, ಆಟಕ್ಕೆ ಮೊದಲು ಒಮ್ಮೆ ಬಾಗಿಸಿ ನೋಡಿದ. ಬಾಗಿತು, ಇಟ್ಟುಕೊಂಡ. ಅದರ ಮುಂದಿನ ವಾರ ಹಾರ ಹಾಕಿ, ಮೇಲೆ ಶಲ್ಯ ಹೊದಿಸಿ ಬಾಗಿಸಿದ. ಬಾಗಲಿಲ್ಲ, ತೆಗೆದ. ಶಲ್ಯ ಮೊದಲು ಹೊದಿಸಿ ಆಮೇಲೆ ಹಾರ ಹಾಕಿದ. ಬಾಗಿತು. ಹೀಗೆ ಆಟವೂ ನಡೆಯಿತು, ಅಲಂಕಾರವೂ ನಡೆಯಿತು. ಭಾಗವತ ಶುಕ್ರವಾರ ಬಂದು ಕೇಳುವುದು ನಿಂತುಹೋಯಿತು, ಏಕೆಂದರೆ ಈಗ ಬೊಂಬೆಯವನೇ ಗುರುವಾರ ಹೋಗಿ ಅವನನ್ನು ಕರೆದುಕೊಂಡು ಬರುತ್ತಿದ್ದ.

ಇಷ್ಟು ಹೇಳಿ ಗುರುಗಳು ನೀರು ಕುಡಿದರು.

ತ್ರಿವಿಕ್ರಮ ಕಾದ. ಕತೆ ಮುಗಿದಂತೆ ಅವನಿಗೆ ಅನ್ನಿಸಲಿಲ್ಲ. “ಕೊನೆಗೆ ಅವನು ಮೊಳೆ ಹೊಡೆಸಿದನೋ ಅಂಗಿ ಹೊಲಿಸಿದನೋ, ಅದನ್ನು ಹೇಳಲೇ ಇಲ್ಲವಲ್ಲ ಗುರುಗಳೇ” ಎಂದ.

“ಅಂಗಿ ಹೊಲಿಸಿದ. ನಾಲ್ಕು ಆಟ ಆಗೋ ಹೊತ್ತಿಗೆ, ತನಗೆ ಹಾಕೋದಕ್ಕಿಂತ ತೆಗೆಯೋ ಕೆಲಸವೇ ಹೆಚ್ಚು ಅಂತ ಅವನಿಗೇ ಗೊತ್ತಾಗಿತ್ತು. ಗಂಟು ಕಲಿಯೋಕೆ ಎರಡು ದಿನ ಹಿಡೀತಂತೆ.”

ತ್ರಿವಿಕ್ರಮನ ಮುಖ ಅರಳಿತು. ಆರು ತಿಂಗಳ ಪ್ರಶ್ನೆ ಅವನ ಎದುರಿಗೇ ಬಗೆಹರಿದಿತ್ತು. “ಹಾಗಾದರೆ ನನಗೂ ಎರಡನೆಯ ಸಾಧನವೇ ಸರಿ. ಇವತ್ತೇ ಕಲಿಯೋಕೆ ಶುರು ಮಾಡ್ತೀನಿ. ಇನ್ನೊಂದು ತಿಂಗಳಲ್ಲಿ ಮುನ್ನೂರ ಹನ್ನೆರಡನ್ನೂ ಜೋಡಿಸಿ ಅಕ್ಕನಿಗೆ—”

ಗುರುಗಳು ಕೈ ಎತ್ತಿದರು, ತ್ರಿವಿಕ್ರಮನ ಮಾತು ಅಲ್ಲಿಗೇ ನಿಂತಿತು.

“ನಿಮ್ಮಕ್ಕ ಕೇಳೋದು ಬಿಟ್ಟು ಮೂರು ವಾರ ಆಯ್ತು ಅಂದೆಯಲ್ಲ, ಅವಳ ಕೈಯಲ್ಲಿ ಯಾವ ಮುದ್ದೆ ಕೋಲಿದೆಯೋ ಇವತ್ತು ಸಂಜೆ ಬರೀ ಆಟವನ್ನೇ ತೆರೆದು ನಿಮ್ಮ ಹಳ್ಳಿಗೆ ಹೋಗಿ ನೋಡಪ್ಪಾ.”