ಗೋಡೆ ಮೇಲಿನ ಒಂದು ಲಕ್ಷ

ಶಾಲೆಯ ಬೆಂಚಿಗೆಂದು ಗಿರಣಿ ಮಾಲೀಕ ಚನ್ನವೀರಪ್ಪ ಕೊಟ್ಟಿದ್ದು ಹತ್ತು ಸಾವಿರ. ರಸೀದಿ ಮಾತ್ರ ಒಂದು ಲಕ್ಷಕ್ಕೆ ಬೇಕಂತೆ!

“ನಿಮ್ಮ ಪೋಷಕರ ಸಂಘಕ್ಕೆ ಕೊಟ್ಟರೆ ತೆರಿಗೆ ವಿನಾಯಿತಿ ಉಂಟಲ್ಲ, ಲಕ್ಷ ಅಂತಲೇ ಬರಿ, ತಾಯಿ. ಇಲ್ಲಾಂದ್ರೆ ದುಡ್ಡು ವಾಪಸ್ ಕೊಡು” ಎಂದು ಗದರಿದ.

ಸಂಘದ ಖಜಾಂಚಿ, ಬಟ್ಟೆ ಹೊಲಿಯುವ ಸಾಕಮ್ಮ, ತಲೆಯಾಡಿಸಿದಳು. “ಆಗ್ಲಿ ಯಜಮಾನ್ರೇ. ನಮ್ಮಲ್ಲಿ ಮೊದಲು ಗೋಡೆ ಮೇಲೆ ದಾನಿಗಳ ಹೆಸರು, ಆಮೇಲೆ ರಸೀದಿ.”

ಸಂಜೆಯೊಳಗೆ ಶಾಲೆಯ ಗೋಡೆ ಮೇಲೆ ಮೊಳದುದ್ದದ ಅಕ್ಷರ: ‘ದಾನಿ ಚನ್ನವೀರಪ್ಪನವರು, ಒಂದು ಲಕ್ಷ ರೂಪಾಯಿ.’

ಬೆಳಗಾಗುತ್ತಲೇ ವಾಲಿಬಾಲ್ ತಂಡದವರು ಚನ್ನವೀರಪ್ಪನ ಮನೆಗೆ ಚಂದಾ ಕೇಳಲು ಬಂದರು. ಹಿಂದೆಯೇ ಸಂಬಳ ಏರಿಸಿ ಅಂತ ಗಿರಣಿಯ ಆಳುಗಳು. ಕೊನೆಗೆ ಹೆಂಡತಿ: “ನಾನು ಸರ ಕೇಳಿದ್ರೆ ಕೈಯಲ್ಲಿ ಕಾಸಿಲ್ಲ ಅಂದ್ರಿ!”

ಚನ್ನವೀರಪ್ಪ ಸಾಕಮ್ಮನ ಹತ್ತಿರ ಓಡೋಡಿ ಬಂದ. “ತಾಯಿ, ಹತ್ತು ಸಾವಿರ ಅಂತಲೇ ಬರಿ. ಗೋಡೆ ಮೇಲೂ, ರಸೀದೀಲೂ!”

“ಬರೀತೀನಿ. ಪೇಂಟರ್ ಕೂಲಿ ಐನೂರು ಆಗುತ್ತೆ” ಎಂದಳು ಸಾಕಮ್ಮ. “ಅದಕ್ಕೂ ರಸೀದಿ ಕೊಡ್ತೀನಿ. ಐನೂರಕ್ಕೇ.”